ಚೆಂಡು ಒಂದೇ, ಸಂಬಳ ಮಾತ್ರ ಮೂರು ಬಗೆ!

ಒಂದು ಲೆಕ್ಕ ಹೇಳ್ತೀವಿ, ಕೇಳಿ ಸ್ವಾಮಿ. ಅಮೆರಿಕದಲ್ಲಿ ಬಾಸ್ಕೆಟ್‌ಬಾಲಿನ ದೊಡ್ಡ ಮನೆ ಎನ್‌ಬಿಎ. ಆ ದೊಡ್ಡ ಮನೆಯ ಹಿತ್ತಲಲ್ಲಿ ಜಿ ಲೀಗ್ ಅಂತ ಒಂದು ಸಣ್ಣ ಮನೆ ಇದೆ. 2022-23ರ ಸಾಲಿನಲ್ಲಿ ಈ ಸಣ್ಣ ಮನೆಯ ಮಾಮೂಲಿ ಆಟಗಾರನಿಗೆ ಇಡೀ ಸೀಸನ್ನಿಗೆ ಸಿಕ್ಕಿದ್ದು 40,500 ಡಾಲರ್. ಅವನ ಪಕ್ಕದಲ್ಲೇ, ಅದೇ ಬಣ್ಣದ ಬನಿಯನ್ ತೊಟ್ಟು, ಅದೇ ಕೋಚ್ ಕೈಲಿ ಬೈಸಿಕೊಂಡು ಆಡಿದ ಇನ್ನೊಬ್ಬನಿಗೆ ಸುಮಾರು 5 ಲಕ್ಷ 9 ಸಾವಿರ ಡಾಲರ್. ಯಾಕೆಂದರೆ ಅವನ ಕೈಲಿ 'ಟೂ-ವೇ' ಅನ್ನೋ ಕರಾರು ಪತ್ರ ಇತ್ತು. ಬೇಕೆಂದಾಗ ಮೇಲಿನ ಮನೆ, ಬೇಡವೆಂದಾಗ ಕೆಳಗಿನ ಮನೆ. ಇನ್ನು ಮೂರನೆಯವನು ದೊಡ್ಡ ಮನೆಯವರೇ 'ಸ್ವಲ್ಪ ಕೈ ಪಳಗಲಿ' ಅಂತ ನಾಲ್ಕು ದಿನಕ್ಕೆ ಕಳಿಸಿದ ಹೊಸ ಹುಡುಗ. ಅಲ್ಲಿನ ಅತಿ ಕಡಿಮೆ ಸಂಬಳ ಅಂದರೂ ಅವನದು ಸುಮಾರು 10 ಲಕ್ಷ 17 ಸಾವಿರ.

ನಮ್ಮ ಭಾಷೇಲಿ ಹೇಳೋದಾದರೆ ಒಬ್ಬ ದಿನಗೂಲಿ, ಒಬ್ಬ ಹಂಗಾಮಿ, ಒಬ್ಬ ಖಾಯಂ. ಮೂವರೂ ಎಸೆಯೋದು ಒಂದೇ ಚೆಂಡು, ಒಂದೇ ಬುಟ್ಟಿಗೆ. ಹಂಗಾಮಿಗೆ ದಿನಗೂಲಿಯ ಹನ್ನೆರಡೂವರೆ ಪಟ್ಟು, ಖಾಯಂ ಹುಡುಗನಿಗೆ ಇಪ್ಪತ್ತೈದು ಪಟ್ಟು.

ಹಾಗಾದರೆ ಆಟದಲ್ಲೂ ಇಪ್ಪತ್ತೈದು ಪಟ್ಟು ಫರಕು ಇದೆಯೇ? ಇವತ್ತಿನ ಪ್ರಶ್ನೆ ಅದೇ.

ಇದೇನಪ್ಪ, ಊರ ಸುದ್ದಿಯ ಅಂಕಣದಲ್ಲಿ ಅಮೆರಿಕದ ಸಂಬಳದ ಪಟ್ಟಿ ಅಂತ ಹುಬ್ಬು ಗಂಟಿಕ್ಕಬೇಡಿ. 2015ರಲ್ಲಿ ಬೆಂಗಳೂರು ಬೀಸ್ಟ್, 2022ರಲ್ಲಿ ಬೆಂಗಳೂರು ಕಿಂಗ್ಸ್ ಅಂತ ನಮ್ಮ ರಾಜಧಾನಿಯ ಹೆಸರು ಹೊತ್ತ ಎರಡು ತಂಡಗಳು ದುಡ್ಡಿನ ಬಾಸ್ಕೆಟ್‌ಬಾಲಿಗೆ ಇಳಿದವು. ಇಂಥವು ಇನ್ನೂ ಬರುತ್ತವೆ. ನಾಳೆ ಈ ಜಿಲ್ಲೆಯ ಯಾವುದೋ ಕಿರಾಣಿ ಅಂಗಡಿಯವರ ಮಗ, ಆರಡಿ ಮೂರಂಗುಲ ಬೆಳೆದ ಹುಡುಗ, 'ಅಪ್ಪಾ, ನನ್ನ ಲೀಗಿಗೆ ಕರೀತಿದಾರೆ' ಅಂತ ಗಲ್ಲಾದ ಮುಂದೆ ನಿಂತರೆ ಏನು ಹೇಳೋದು? ಹೂಂ ಅನ್ನೋದೋ, ಊಹೂಂ ಅನ್ನೋದೋ? ಅದಕ್ಕೆ ಮುಂಚೆ ಬೇರೆ ಊರುಗಳಲ್ಲಿ ಈ ವ್ಯಾಪಾರ ಹೇಗೆ ನಡೆದಿದೆ ಅಂತ ತಿಳಿದುಕೊಂಡಿರೋದು ಒಳ್ಳೇದು.

ಹತ್ತು ವರ್ಷ ಕಾದವನು

ಮೊದಲು ಪ್ರತಿಭೆಯ ಮಾತು. ಆಂಡ್ರೆ ಇಂಗ್ರಾಮ್ ಅಂತ ಒಬ್ಬ ಆಟಗಾರ. ಓದಿದ್ದು ಭೌತಶಾಸ್ತ್ರ. ಹತ್ತು ವರ್ಷ ಸಣ್ಣ ಲೀಗಿನಲ್ಲೇ ಗಾಣದೆತ್ತಿನ ಹಾಗೆ ಸುತ್ತಿದ. ಸಂಬಳ ಸಾಲದೆ ಮಕ್ಕಳಿಗೆ ಲೆಕ್ಕದ ಪಾಠ ಹೇಳಿ ಸಂಸಾರ ತೂಗಿಸಿದ. 2018ರ ಏಪ್ರಿಲ್‌ನಲ್ಲಿ, ಅವನ 32ನೇ ವಯಸ್ಸಿನಲ್ಲಿ, ಸೀಸನ್ನಿನ ಕೊನೇ ಎರಡು ಆಟಕ್ಕೆ ಮಾತ್ರ ಲಾಸ್ ಏಂಜಲೀಸ್ ಲೇಕರ್ಸ್ ತಂಡದಿಂದ ಕರೆ ಬಂತು. ಎದುರಿಗೆ ಇದ್ದದ್ದು ಆ ವರ್ಷ ಎಲ್ಲರಿಗಿಂತ ಹೆಚ್ಚು ಆಟ ಗೆದ್ದಿದ್ದ ಹ್ಯೂಸ್ಟನ್ ತಂಡ. ಮೊದಲ ರಾತ್ರಿಯೇ 19 ಅಂಕ! ಬಂದಿದ್ದ ಜನ ಎದ್ದು ನಿಂತು ಕೂಗಿದರು.

ಈಗ ನೀವೇ ಹೇಳಿ. ಹಿಂದಿನ ದಿನದವರೆಗೆ ದೊಡ್ಡ ಮನೆಗೆ ಲಾಯಕ್ಕಿಲ್ಲದವನು ಒಂದೇ ರಾತ್ರಿಯಲ್ಲಿ ಲಾಯಕ್ಕಾದನೇ? ಕೈ ಅದೇ, ಕಣ್ಣು ಅದೇ. ಬದಲಾದದ್ದು ಬಾಗಿಲು ಮಾತ್ರ.

ಒಬ್ಬನ ಅದೃಷ್ಟ ಅಂತೀರಾ? ಇನ್ನೊಂದು ಕೇಳಿ. ಪಾಸ್ಕಲ್ ಸಿಯಾಕಮ್, ಫ್ರೆಡ್ ವ್ಯಾನ್‌ವ್ಲೀಟ್ ಅನ್ನೋ ಇಬ್ಬರು 2017ರಲ್ಲಿ ರ‍್ಯಾಪ್ಟರ್ಸ್ 905 ಅನ್ನೋ ಮರಿ ತಂಡದಲ್ಲಿ ಆಡಿ ಸಣ್ಣ ಲೀಗಿನ ಕಪ್ಪು ಗೆದ್ದರು. ಎರಡೇ ವರ್ಷ. 2019ರಲ್ಲಿ ಟೊರಾಂಟೊ ರ‍್ಯಾಪ್ಟರ್ಸ್ ಎನ್‌ಬಿಎ ಕಪ್ಪನ್ನೇ ಗೆದ್ದಿತು. ಕೊನೆಯ ಪಂದ್ಯದ 114 ಅಂಕಗಳಲ್ಲಿ ಸಿಯಾಕಮ್ 26, ವ್ಯಾನ್‌ವ್ಲೀಟ್ 22. ಇಬ್ಬರದೇ 48 ಅಂಕ.

ಹಾಗಂತ ಎಲ್ಲ ಲೀಗೂ ಒಂದೇ ಅಂತ ನಾವು ಹೇಳ್ತಿಲ್ಲ. ದೊಡ್ಡ ಮನೆಯ ಮೊದಲ ಐವರ ಮುಂದೆ ಸಣ್ಣ ಮನೆಯವರು ನಿಲ್ಲೋದು ಕಷ್ಟ. ಆದರೆ ದೊಡ್ಡ ಮನೆಯ ಬೆಂಚಿನ ತುದಿಯಲ್ಲಿ ಕೂತವನಿಗೂ ಸಣ್ಣ ಮನೆಯ ಮೊದಲನೆಯವನಿಗೂ ನೂಲೆಳೆಯಷ್ಟೇ ಅಂತರ. ಆ ನೂಲೆಳೆಯ ಬೆಲೆ ಇಪ್ಪತ್ತೈದು ಪಟ್ಟು ಸಂಬಳ!

ಇನ್ನೊಂದು ಎಚ್ಚರಿಕೆಯೂ ಬೇಕು. ಸಣ್ಣ ಲೀಗಿನ ಅಂಕಗಳನ್ನು ಹಾಗೇ ನಂಬೋ ಹಾಗಿಲ್ಲ. ಅಲ್ಲಿ ಪ್ರತಿಯೊಬ್ಬನೂ ಮೇಲಿನಿಂದ ಯಾರಾದರೂ ನೋಡಲಿ ಅಂತ ಆಡುವವನು. ಪಕ್ಕದವನಿಗೆ ಚೆಂಡು ಕೊಡೋದಕ್ಕಿಂತ ತಾನೇ ಎಸೆಯೋದರಲ್ಲಿ ಲಾಭ ಹೆಚ್ಚು. ಎದುರಾಳಿಯನ್ನು ತಡೆಯೋ ಬೆವರಿನ ಕೆಲಸ ಅಂಕಪಟ್ಟಿಯಲ್ಲಿ ಅಷ್ಟಾಗಿ ಕಾಣೋದಿಲ್ಲ. ತಪ್ಪು ಹುಡುಗರದ್ದಲ್ಲ, ಕಟ್ಟಿರೋ ವ್ಯವಸ್ಥೆಯದ್ದು.

ವಾರಕ್ಕೆ 330, ಎಲ್ಲರಿಗೂ ಸಮ

ಜಿ ಲೀಗಿಗೆ ಮುಂಚೆ ಅಮೆರಿಕದಲ್ಲಿ ಸಿಬಿಎ ಅನ್ನೋ ಹಳೇ ಲೀಗಿತ್ತು. ಹುಟ್ಟಿದ್ದು 1946ರಲ್ಲಿ, ಎನ್‌ಬಿಎಗಿಂತ ಕೆಲವೇ ವಾರ ಹಿರಿಯ. ಮೊದಲು ಪೆನ್ಸಿಲ್ವೇನಿಯಾ ಕಡೆಯ ಪಟ್ಟಣಗಳ ಲೀಗಾಗಿದ್ದದ್ದು 1978ರಲ್ಲಿ ಸಿಬಿಎ ಅಂತ ಹೆಸರು ಬದಲಿಸಿಕೊಂಡಿತು. ಅದರ ತಂಡಗಳಿದ್ದದ್ದು ಆಲ್ಬನಿ, ರಾಕ್‌ಫರ್ಡ್, ಲಾಕ್ರಾಸ್, ಯಾಕಿಮಾ ಇಂಥ ಊರುಗಳಲ್ಲಿ. ನಮ್ಮ ಜಿಲ್ಲಾ ಕೇಂದ್ರಗಳ ಥರ ಅನ್ನಿ.

ಈ ಲೀಗಿನಲ್ಲಿ ಒಂದು ಚೆಂದದ ನಿಯಮ ಇತ್ತು. ಒಂದು ಆಟಕ್ಕೆ ಒಟ್ಟು ಏಳು ಪಾಯಿಂಟು. ಗೆದ್ದವನಿಗೆ ಮೂರು. ಉಳಿದ ನಾಲ್ಕು, ಆಟದ ನಾಲ್ಕು ಕ್ವಾರ್ಟರಿಗೆ ಒಂದೊಂದು. ಯಾರು ಆ ಕ್ವಾರ್ಟರಿನಲ್ಲಿ ಮುಂದಿರುತ್ತಾರೋ ಅವರಿಗೆ. ಅಂದರೆ ಇಡೀ ಆಟ ಸೋತವನೂ ಮೂರು ಕ್ವಾರ್ಟರು ಗೆದ್ದಿದ್ದರೆ ಮೂರು ಪಾಯಿಂಟು ಜೇಬಿಗಿಳಿಸಿ ಮನೆಗೆ ಹೋಗಬಹುದು. ಮೂವತ್ತು ಅಂಕ ಹಿಂದೆ ಬಿದ್ದ ತಂಡವೂ ಕೊನೇ ಕ್ವಾರ್ಟರಿನಲ್ಲಿ ಕೈ ಚೆಲ್ಲುವ ಹಾಗಿಲ್ಲ. ಟಿಕೆಟು ಕೊಂಡವನಿಗೆ ಕಡೇ ಗಂಟೆಯವರೆಗೂ ಆಟ ಸಿಗುತ್ತಿತ್ತು. ಇದು ನೋಡುಗನಿಗೆ ಮಾಡಿದ ನ್ಯಾಯ.

ಆಲ್ಬನಿ ತಂಡಕ್ಕೆ 1980ರ ದಶಕದಲ್ಲಿ ಫಿಲ್ ಜಾಕ್ಸನ್ ಕೋಚ್. ಮುಂದೆ ಎನ್‌ಬಿಎಯಲ್ಲಿ ಹನ್ನೊಂದು ಕಪ್ಪು ಗೆಲ್ಲಿಸಿದ ಆಸಾಮಿ ಇವರೇ. ಆಲ್ಬನಿಯಲ್ಲಿ ಅವರು ತಂದ ಪದ್ಧತಿ ಏನು ಗೊತ್ತೇ? ಆಟಗಾರರಿಗೆಲ್ಲ ಒಂದೇ ಸಂಬಳ, ವಾರಕ್ಕೆ 330 ಡಾಲರ್. ಕಣಕ್ಕಿಳಿಯುವ ಅವಕಾಶವನ್ನೂ ಆದಷ್ಟು ಎಲ್ಲರಿಗೂ ಹಂಚಿದರು. 1984ರಲ್ಲಿ ಆಲ್ಬನಿಗೆ ಕಪ್ಪು ಬಂತು. ಸಮ ಸಂಬಳ ಕೊಟ್ಟರೆ ಹುಡುಗರು ಸೋಮಾರಿಗಳಾಗ್ತಾರೆ ಅನ್ನೋ ಯಜಮಾನರು ಈ ಕಪ್ಪನ್ನು ಒಂದು ಸಾರಿ ನೆನೆಸಿಕೊಳ್ಳಬಹುದು.

ಅದೇ ಆಲ್ಬನಿ 1990-91ರಲ್ಲಿ ಜಾರ್ಜ್ ಕಾರ್ಲ್ ಕೋಚ್ ಆಗಿದ್ದಾಗ 56 ಆಟದಲ್ಲಿ 50 ಗೆದ್ದಿತು. ತವರಿನ 28 ಆಟದಲ್ಲಿ ಒಂದನ್ನೂ ಸೋಲಲಿಲ್ಲ. ಆದರೂ ಆ ವರ್ಷದ ಕಪ್ಪು ಸಿಗಲಿಲ್ಲ. ಸಣ್ಣ ಲೀಗಿನ ತಂಡ ಎಷ್ಟು ಬಲವಾಗಿ ಬೆಳೆದರೂ ಅದನ್ನು ಎನ್‌ಬಿಎಗೆ ಸೇರಿಸಿಕೊಳ್ಳುವ ದಾರಿಯೇ ಅಲ್ಲಿಲ್ಲ. ಒಬ್ಬೊಬ್ಬ ಆಟಗಾರನಿಗೆ ಕರೆ ಬರಬಹುದು; ಊರಿಗೆ ಬರೋದಿಲ್ಲ.

ಆ ಕರೆ ಬರುತ್ತಿದ್ದದ್ದೂ ಹತ್ತು ದಿನದ ಕರಾರಿನ ಮೇಲೆ. ಹತ್ತು ದಿನ ಆಡಿಸಿ ನೋಡ್ತಾರೆ, ಬೇಕಾದರೆ ಇನ್ನೊಂದು ಹತ್ತು ದಿನ. ಆಮೇಲೆ ಇಟ್ಟುಕೊಳ್ಳಬೇಕು, ಇಲ್ಲ ವಾಪಸ್ ಕಳಿಸಬೇಕು. ಇತ್ತ ಊರಿನ ತಂಡದ ಗತಿ? ಹಬ್ಬದ ಹಿಂದಿನ ದಿನ ಪಳಗಿದ ಸೇಲ್ಸ್‌ಮ್ಯಾನನ್ನು ದೊಡ್ಡ ಅಂಗಡಿಯವರು ಕರೆದುಕೊಂಡು ಹೋದರೆ ಸಣ್ಣ ಅಂಗಡಿ ಏನಾಗುತ್ತೆ? ಅದೇ.

ಈ ಲೀಗಿನಿಂದ ಮೇಲೆ ಬಂದ ಜಾನ್ ಸ್ಟಾರ್ಕ್ಸ್ ಕತೆ ಅಂಗಡಿಯವರೆಲ್ಲ ಕೇಳಬೇಕಾದ್ದು. ತಲ್ಸಾ ಪಟ್ಟಣದ ಒಂದು ಸೂಪರ್ ಮಾರ್ಕೆಟ್ಟಿನಲ್ಲಿ ಗಿರಾಕಿಗಳ ಸಾಮಾನನ್ನು ಚೀಲಕ್ಕೆ ತುಂಬೋ ಕೆಲಸ, ಗಂಟೆಗೆ 3 ಡಾಲರ್ 35 ಸೆಂಟು. ಮುಂದೆ ಸಿಬಿಎಯಲ್ಲಿ ಆಡಿದ. 1990ರಲ್ಲಿ ನ್ಯೂಯಾರ್ಕ್ ನಿಕ್ಸ್ ತಂಡದ ತಾಲೀಮಿಗೆ ಹೋದ. ಅಲ್ಲಿ ಏಳಡಿಯ ದೈತ್ಯ ಪ್ಯಾಟ್ರಿಕ್ ಯೂಯಿಂಗ್ ತಲೆ ಮೇಲಿಂದ ಚೆಂಡು ಹಾಕಲು ಹಾರಿ, ಕೆಳಗೆ ಬಿದ್ದು ಮೊಣಕಾಲು ಕೆಡಿಸಿಕೊಂಡ. ಗಾಯಗೊಂಡವನನ್ನು ಕೆಲಸದಿಂದ ತೆಗೆಯೋ ಹಾಗಿಲ್ಲ ಅನ್ನೋ ನಿಯಮ ಇತ್ತು. ಅದರಿಂದ ತಂಡದಲ್ಲೇ ಉಳಿದ. 1994ರಲ್ಲಿ ಎನ್‌ಬಿಎ ಆಲ್‌ಸ್ಟಾರ್ ಆದ! ಅವತ್ತು ಕಾಲು ಉಳುಕದೇ ಇದ್ದಿದ್ದರೆ ಮತ್ತೆ ಬಸ್ಸು ಹತ್ತಿ ವಾಪಸ್ ಬರುತ್ತಿದ್ದನೋ ಏನೋ. ಪ್ರತಿಭೆ ಇದ್ದರೂ ಕಾಲು ಮುರಿದುಕೊಂಡು ಅವಕಾಶ ಪಡೆಯೋದು ನ್ಯಾಯವಾ?

1999ರಲ್ಲಿ ಹಳೇ ಹುಲಿ ಐಸಯ್ಯಾ ಥಾಮಸ್ ಸುಮಾರು 1 ಕೋಟಿ ಡಾಲರ್ ಕೊಟ್ಟು ಇಡೀ ಸಿಬಿಎಯನ್ನೇ ಕೊಂಡುಕೊಂಡರು. ಅಲ್ಲಿಯವರೆಗೆ ಊರೂರಿಗೆ ಒಬ್ಬ ಮಾಲೀಕ; ಈಗ ಎಲ್ಲಕ್ಕೂ ಒಬ್ಬರೇ. ಮರುವರ್ಷ ಅವರಿಗೆ ಎನ್‌ಬಿಎಯ ಇಂಡಿಯಾನಾ ತಂಡದ ಕೋಚ್ ಕೆಲಸ ಸಿಕ್ಕಿತು. ಆ ಕೆಲಸದಲ್ಲಿ ಇರೋರು ಬೇರೆ ಲೀಗಿನ ಮಾಲೀಕರಾಗಿರೋ ಹಾಗಿಲ್ಲ. ಲೀಗು ದಿಕ್ಕಿಲ್ಲದ ಮನೆಯಾಯ್ತು. 2001ರ ಫೆಬ್ರವರಿಯಲ್ಲಿ ನಡು ಸೀಸನ್ನಿನಲ್ಲೇ ಆಟ ನಿಂತಿತು. ಆಮೇಲೆ ಬೇರೆಯವರು ಮತ್ತೆ ಎಬ್ಬಿಸಿದರೂ 2009ರಲ್ಲಿ ಪೂರ್ತಿ ಬಾಗಿಲು ಹಾಕಿತು. 1946ರಿಂದ ನಡೆದ ಅಂಗಡಿ!

ಅದೇ 2001ರಲ್ಲಿ ಎನ್‌ಬಿಎ ತನ್ನದೇ ಸಣ್ಣ ಲೀಗನ್ನು ಎಂಟು ತಂಡಗಳಿಂದ ಶುರು ಮಾಡಿತು. 2024-25ಕ್ಕೆ 31 ತಂಡ: 30 ಎನ್‌ಬಿಎ ತಂಡಕ್ಕೂ ಒಂದೊಂದು ಮರಿ, ಜೊತೆಗೆ ಮೆಕ್ಸಿಕೋ ನಗರದ್ದೊಂದು. ಒಪ್ಪಿಕೊಳ್ಳಬೇಕಾದ್ದು ಒಪ್ಪಿಕೊಳ್ಳೋಣ: ಇಲ್ಲಿ ಸಂಬಳ ಕಡಿಮೆ, ಆದರೆ ಬರುತ್ತದೆ. ಇರಲು ಮನೆ, ವಿಮೆ ಇದೆ. 2020ರಲ್ಲಿ ಆಟಗಾರರು ತಮ್ಮದೇ ಯೂನಿಯನ್ನನ್ನೂ ಕಟ್ಟಿಕೊಂಡರು. 2018-19ರಲ್ಲಿ 35,000 ಇದ್ದ ಸಂಬಳ ನಾಲ್ಕು ವರ್ಷದಲ್ಲಿ 40,500ಕ್ಕೆ ಏರಿತು.

ಟೇಪು ಹಿಡಿದು ಅಳೆದ ನ್ಯಾಯ

ನ್ಯಾಯದ ಹೆಸರಲ್ಲಿ ಒಂದು ವಿಚಿತ್ರ ಪ್ರಯೋಗವೂ ನಡೆಯಿತು. 1988ರಲ್ಲಿ ಶುರುವಾದ ವರ್ಲ್ಡ್ ಬಾಸ್ಕೆಟ್‌ಬಾಲ್ ಲೀಗು. ಆರಡಿ ಐದಂಗುಲಕ್ಕಿಂತ ಎತ್ತರ ಇದ್ದವನಿಗೆ ಪ್ರವೇಶ ಇಲ್ಲ! ಮುಂದೆ ಆರಡಿ ಏಳಂಗುಲಕ್ಕೆ ಸಡಿಲ ಮಾಡಿದರು. ಕುಳ್ಳರಿಗೂ ಅವಕಾಶ ಸಿಗಲಿ, ಆಟ ಚುರುಕಾಗಲಿ ಅನ್ನೋದು ಲೆಕ್ಕಾಚಾರ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಇವರು ಕಾಲು ಉದ್ದ ಇದ್ದವನಿಗೆ ಹಾಸಿಗೆಯೇ ಇಲ್ಲ ಅಂದರು.

ಯೋಚನೆ ತೀರಾ ಕೆಟ್ಟದ್ದೇನಲ್ಲ. ಚುರುಕು ಕೈಯ ಅದೆಷ್ಟೋ ಹುಡುಗರು ಬರೀ ಎತ್ತರದ ಕಾರಣಕ್ಕೆ ಮೂಲೆಗೆ ಬಿದ್ದಿದ್ದರು. ಆದರೆ ಆಟಗಾರರ ಎತ್ತರ ಅಳೆದವರು ಗಲ್ಲಾದ ಆಳ ಅಳೆಯಲಿಲ್ಲ. ಲೀಗಿನ ಹಿಂದಿದ್ದ ಮಿಕಿ ಮೋನಸ್ ಅನ್ನೋರು ಒಹಾಯೊ ರಾಜ್ಯದ ಯಂಗ್ಸ್‌ಟೌನಿನವರು. ಫಾರ್-ಮೋರ್ ಅನ್ನೋ ಅಗ್ಗದ ಬೆಲೆಯ ಔಷಧಿ-ದಿನಸಿ ಅಂಗಡಿಗಳ ಸರಣಿಯ ಮುಖ್ಯಸ್ಥ. 1992ರ ಹೊತ್ತಿಗೆ ಮುನ್ನೂರಕ್ಕೂ ಹೆಚ್ಚು ಅಂಗಡಿ. ಆ ಗಲ್ಲಾದಿಂದ ಸುಮಾರು 1 ಕೋಟಿ ಡಾಲರ್ ತೆಗೆದು ಲೀಗಿಗೆ ಸುರಿದಿದ್ದರು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ!

ಸಿಕ್ಕಿಬಿದ್ದದ್ದು ಹೇಗೆ ಅಂತೀರಿ? ಲೀಗಿನ ಪ್ರಯಾಣದ ಖರ್ಚಿಗೆ ಫಾರ್-ಮೋರ್ ಕಂಪನಿಯ ಚೆಕ್ಕು ಬಂದದ್ದು ನೋಡಿ ಟ್ರಾವೆಲ್ ಏಜೆಂಟ್ ಹೆಂಗಸಿಗೆ ಅನುಮಾನ ಬಂತು. ಆಕೆ ತನ್ನ ಕಟ್ಟಡದ ಮಾಲೀಕರಿಗೆ ಚೆಕ್ಕು ತೋರಿಸಿದಳು. ಆ ಮಾಲೀಕರು ಫಾರ್-ಮೋರ್ ಆಡಳಿತ ಮಂಡಳಿಯಲ್ಲೇ ಇದ್ದವರು! ಎಳೆ ಎಳೆದರೆ ಇಡೀ ಕಂತೆ ಬಿಚ್ಚಿಕೊಂಡಿತು. 1992ರ ಆಗಸ್ಟ್ ಒಂದಕ್ಕೆ, ನಡು ಸೀಸನ್ನಿನಲ್ಲಿ, ಲೀಗು ಮುಚ್ಚಿತು. 1995ರಲ್ಲಿ ಮೋನಸ್ ಅಪರಾಧಿ ಅಂತ ತೀರ್ಪಾಯಿತು. ಗಲ್ಲಾಕ್ಕೂ ಚೆಕ್ಕಿಗೂ ಸಂಬಂಧವೇ ಇಲ್ಲದ ಆಟಗಾರರು ಬ್ಯಾಗು ಹೆಗಲಿಗೇರಿಸಿ ಬೇರೆ ಕೆಲಸ ಹುಡುಕಿದರು.

ಕಂಪನಿ ತಂಡಗಳದ್ದು ಇನ್ನೊಂದು ಬಗೆ. ಫಿಲಿಪೈನ್ಸ್ ದೇಶದ ಪಿಬಿಎ 1975ರಲ್ಲಿ ಶುರುವಾಯ್ತು. ಏಷ್ಯಾದಲ್ಲಿ ಸಂಬಳ ಕೊಟ್ಟು ಆಡಿಸಿದ ಮೊದಲ ಬಾಸ್ಕೆಟ್‌ಬಾಲ್ ಲೀಗು. ಎನ್‌ಬಿಎ ಮುಂದೆ ಸಣ್ಣದು, ಅಲ್ಲಿನ ಜನಕ್ಕೆ ಅದೇ ಪ್ರಾಣ. ತಂಡಗಳಿಗೆ ಊರ ಹೆಸರಿಲ್ಲ, ಕಂಪನಿಯ ಹೆಸರು. ಒಂದೇ ಒಂದು ತಕರಾರು. 2014-15ರಲ್ಲಿ ಹನ್ನೆರಡು ತಂಡ ಇದ್ದವು. ಮೂರು ಒಂದು ಮನೆತನದ ಕಂಪನಿಗಳವು, ಇನ್ನು ಮೂರು ಮತ್ತೊಂದು ಮನೆತನದ ಕಂಪನಿಗಳವು. ಅಣ್ಣ ತಮ್ಮಂದಿರ ಅಂಗಡಿಗಳೇ ಎದುರಾಳಿಗಳಾದರೆ ಹರಾಜು ಎಷ್ಟು ನಿಜ ಅಂತ ಜನ ಅನುಮಾನ ಪಡೋದು ಸಹಜ. ಆಟ ಸಾಚಾ ಇದ್ದರೂ ಸಾಚಾ ಅಂತ ಕಾಣಲೂ ಬೇಕಲ್ಲ.

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ

ಊರಿಗೆ ಊರೇ ಮೇಲೆ ಹತ್ತೋ ಏಣಿ ಯೂರೋಪಿನಲ್ಲಿದೆ. ಸ್ಪೇನ್ ದೇಶದಲ್ಲಿ ಎರಡನೇ ದರ್ಜೆಯಲ್ಲಿ ಗೆದ್ದ ತಂಡ ಮೊದಲ ದರ್ಜೆಗೆ ಬಡ್ತಿ ಪಡೆಯುತ್ತೆ, ಮೇಲೆ ಸೋತದ್ದು ಕೆಳಕ್ಕಿಳಿಯುತ್ತೆ. ಕೇಳೋಕೆ ಎಷ್ಟು ನ್ಯಾಯ! ಆದರೆ ಬರ್ಗೋಸ್ ಅನ್ನೋ ಊರಿನವರನ್ನು ಕೇಳಿ. ಸುಮಾರು 1 ಲಕ್ಷ 75 ಸಾವಿರ ಜನ ಇರೋ ಊರು. ಆ ಊರಿನ ತಂಡ 2013, 2014, 2015, ಹೀಗೆ ಮೂರು ವರ್ಷ ಸಾಲಾಗಿ ಆಟದಲ್ಲಿ ಬಡ್ತಿ ಗೆದ್ದಿತು. ಮೂರು ಸಲವೂ ಮೇಲಕ್ಕೆ ಬಿಡಲಿಲ್ಲ. ಯಾಕೆ? ಪ್ರವೇಶಕ್ಕೆ ಕೇಳಿದಷ್ಟು ದುಡ್ಡು ಹೊಂದಿಸಲಾಗಲಿಲ್ಲ. ಕಣದಲ್ಲಿ ಗೆದ್ದವರು ಕೌಂಟರಿನಲ್ಲಿ ಸೋತರು.

2017ರಲ್ಲಿ ಸ್ಪೇನಿನ ಸ್ಪರ್ಧಾ ಆಯೋಗ ಈ ಷರತ್ತುಗಳು ನ್ಯಾಯವಲ್ಲ ಅಂತ ಹೇಳಿತು. ಅದೇ ವರ್ಷ ಬರ್ಗೋಸಿನ ಇನ್ನೊಂದು ಹೊಸ ಕ್ಲಬ್ಬಿಗೆ ಬಡ್ತಿ ಸಿಕ್ಕಿತು. ಆ ಕ್ಲಬ್ಬು ಏನು ಮಾಡಿತು ಗೊತ್ತೇ? 2020 ಮತ್ತು 2021ರಲ್ಲಿ, ಎರಡು ಸಲ, ನಾನಾ ದೇಶದ ತಂಡಗಳು ಆಡುವ ಫೀಬಾ ಚಾಂಪಿಯನ್ಸ್ ಲೀಗನ್ನೇ ಗೆದ್ದುಕೊಂಡು ಬಂತು. ಮೂರು ವರ್ಷ ಬಾಗಿಲಲ್ಲಿ ನಿಲ್ಲಿಸಿದ್ದ ಊರು! ಪ್ರತಿಭೆ ಎಲ್ಲಿತ್ತು, ಅನ್ಯಾಯ ಎಲ್ಲಿತ್ತು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ನಮ್ಮ ಮನೆಯ ಮಾತು

ಈಗ ನಮ್ಮ ಕಡೆಗೆ ಬನ್ನಿ. ನಮ್ಮಲ್ಲಿ ಬಾಸ್ಕೆಟ್‌ಬಾಲ್ ಹುಡುಗರನ್ನು ಸಾಕಿದ್ದು ಲೀಗುಗಳಲ್ಲ, ನೌಕರಿ. ರೈಲ್ವೆ, ಒಎನ್‌ಜಿಸಿ, ಇಂಡಿಯನ್ ಓವರ್‌ಸೀಸ್ ಬ್ಯಾಂಕ್, ನಮ್ಮದೇ ವಿಜಯ ಬ್ಯಾಂಕ್. ಬೆಳಿಗ್ಗೆ ಕೋರ್ಟು, ಆಮೇಲೆ ಕೌಂಟರು. ಮೊಣಕಾಲು ಹೋದರೂ ಪೆನ್ಷನ್ ಹೋಗದು. ಈ ಏಣಿಯ ಮೆಟ್ಟಿಲೂ ಕಡಿಮೆಯಾಗ್ತಿವೆ. ವಿಜಯ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಯ್ತು.

2015ರಲ್ಲಿ ಅಮೆರಿಕದವರ ಯುಬಿಎ ಲೀಗು ಬಂತು. ಎಂಟು ತಂಡ, ಬೆಂಗಳೂರು ಬೀಸ್ಟ್, ಚೆನ್ನೈ ಸ್ಲ್ಯಾಮ್, ಪುಣೆ ಪೇಶ್ವಾಸ್, ಪಂಜಾಬ್ ಸ್ಟೀಲರ್ಸ್ ಇತ್ಯಾದಿ. ಅಲ್ಲಿ ಆಡಿದ ಪಾಲ್‌ಪ್ರೀತ್ ಸಿಂಗ್ ಬ್ರಾರ್ 2016ರಲ್ಲಿ, ಅಮ್‌ಜ್ಯೋತ್ ಸಿಂಗ್ 2017ರಲ್ಲಿ ಅಮೆರಿಕದ ಸಣ್ಣ ಲೀಗಿನ ಆಯ್ಕೆಗೆ ಬಂದರು. ಅಂದರೆ ಪ್ರತಿಭೆಯ ತಕ್ಕಡಿಯಲ್ಲಿ ನಮ್ಮವರು ತೀರಾ ಹಗುರವಲ್ಲ. ಆದರೆ ಲೀಗೇ 2017ರ ನಂತರ ಉಳಿಯಲಿಲ್ಲ. ಬೀಸ್ಟ್ ಹೋಯ್ತು, ಬನಿಯನ್ ಉಳೀತು. 2022ರಲ್ಲಿ ಬಾಸ್ಕೆಟ್‌ಬಾಲ್ ಫೆಡರೇಷನ್ನಿನ ಒಪ್ಪಿಗೆಯ ಐಎನ್‌ಬಿಎಲ್ ಆರು ನಗರಗಳ ತಂಡಗಳಿಂದ ಶುರುವಾಯ್ತು. ಅದರಲ್ಲೊಂದು ಬೆಂಗಳೂರು ಕಿಂಗ್ಸ್.

ಪಂಜಾಬಿನ ಹಳ್ಳಿ ಹುಡುಗ ಸತ್ನಾಮ್ ಸಿಂಗ್, ಏಳಡಿ ಎರಡಂಗುಲ, 2015ರಲ್ಲಿ ಡಲ್ಲಾಸ್ ತಂಡದ ಆಯ್ಕೆಯಾದ. ಎನ್‌ಬಿಎ ಆಯ್ಕೆಪಟ್ಟಿಗೆ ಹೆಸರು ಬಂದ ಮೊದಲ ಭಾರತೀಯ. ದೇಶವೆಲ್ಲ ಪಟಾಕಿ. ಆಮೇಲೆ ಡಲ್ಲಾಸಿನ ಮರಿ ತಂಡ ಟೆಕ್ಸಾಸ್ ಲೆಜೆಂಡ್ಸ್‌ನಲ್ಲಿ ಹೆಚ್ಚು ಹೊತ್ತು ಬೆಂಚಿನ ಮೇಲೇ ಕೂರಬೇಕಾಯ್ತು. ಎನ್‌ಬಿಎ ಕಣಕ್ಕೆ ಇಳಿಯಲೇ ಇಲ್ಲ. ಹೆಸರು ಕೂಗೋದು ಬೇರೆ, ಆಡಿಸೋದು ಬೇರೆ.

ಆದ್ದರಿಂದ ಅಂಗಡಿ ಯಜಮಾನರೇ, ಮಗನನ್ನೋ ಮಗಳನ್ನೋ ಲೀಗಿಗೆ ಕರೆದರೆ ಬೇಡ ಅನ್ನಬೇಡಿ. ಆದರೆ ಹೊಸ ಗಿರಾಕಿ ಸಾಲ ಕೇಳಿದರೆ ಏನೇನು ವಿಚಾರಿಸ್ತೀರೋ ಅದನ್ನೇ ವಿಚಾರಿಸಿ. ಸಂಬಳ ಯಾರ ಗಲ್ಲಾದಿಂದ ಬರುತ್ತೆ? ನಡು ಸೀಸನ್ನಿನಲ್ಲಿ ಬಾಗಿಲು ಹಾಕಿದರೆ ಬಾಕಿ ಕೊಡೋರು ಯಾರು? ಗಾಯವಾದರೆ ಆಸ್ಪತ್ರೆ ಖರ್ಚು ಯಾರದು? ಒಬ್ಬನೇ ಎರಡು ಮೂರು ತಂಡದ ಧಣಿಯೇ? ಚೆನ್ನಾಗಿ ಆಡಿದವನಿಗೆ ಮೇಲೆ ಹೋಗೋ ದಾರಿ ಕಾಗದದ ಮೇಲಿದೆಯೇ, ಬಾಯಲ್ಲಿ ಮಾತ್ರವೇ? ಓದು ನಿಲ್ಲಿಸಿ ಬಾ ಅಂತಾರಾ, ಮುಗಿಸಿ ಬಾ ಅಂತಾರಾ?

ಆರಕ್ಕೆ ಆರೂ ಉತ್ತರ ಬರಹದಲ್ಲಿ ಕೊಟ್ಟರೆ ಧೈರ್ಯವಾಗಿ ಬಸ್ಸು ಹತ್ತಿಸಿ. 'ಹುಡುಗ ಬಹಳ ಎತ್ತರ ಇದಾನೆ ಸಾರ್, ಭವಿಷ್ಯ ಇದೆ' ಅಂತ ಮಾತ್ರ ಹೇಳಿದರೆ, ಆ ಎತ್ತರ ನಿಮಗೂ ಗೊತ್ತು. ಪ್ರತಿ ವರ್ಷ ಪ್ಯಾಂಟು ಹೊಲಿಸೋರು ನೀವೇ ತಾನೆ!